ಎದುರು ಕೂತು ಹೇಳಿದ ಮಾತು

ಹರಿಹರ, ತುಂಗಭದ್ರೆಯ ದಂಡೆ
ಫೆಬ್ರವರಿ 30, 2191

ಬಿ.ಬಿ.ಎ. ಎರಡನೆಯ ವರ್ಷದಲ್ಲಿ ಮಾನವ ಸಂಪನ್ಮೂಲ ನಿರ್ವಹಣೆ ಎಂಬ ಪತ್ರಿಕೆಯನ್ನು ಓದುತ್ತಿರುವ, ಅಥವಾ ಓದದೆ ಮುಂದೆ ಇಟ್ಟುಕೊಂಡು ಕೂತಿರುವ ನಿಮಗೆ, ನಮಸ್ಕಾರ.

ಮೇಲಿನ ತಾರೀಖು ಕೈತಪ್ಪಿ ಬಂದದ್ದಲ್ಲ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನ ನಮ್ಮಲ್ಲಿ ಇದೆ. ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟು ನಮ್ಮ ಹಿರಿಯರು ಆ ತಿಂಗಳ ಎರಡು ಸಾವಿರ ವರ್ಷಗಳ ಅಹವಾಲನ್ನು ಇತ್ಯರ್ಥ ಮಾಡಿದರು. ಇಡೀ ಜಗತ್ತಿನಲ್ಲಿ ಅಷ್ಟು ಕಾಲ ಬಾಕಿ ಉಳಿದ ಅಹವಾಲು ಇನ್ನೊಂದಿಲ್ಲ ಎಂದು ನಾವು ತರಗತಿಯಲ್ಲಿ ಉದಾಹರಣೆ ಕೊಡುತ್ತೇವೆ.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪ್ರಶ್ನೆಪತ್ರಿಕೆಗಳಿಂದ ಕಲಿತವನು. ಆದ್ದರಿಂದ ನಡುನಡುವೆ ‘ಸೂಕ್ತ ಉದಾಹರಣೆಯೊಂದಿಗೆ ವಿವರಿಸಿ’ ಎಂಬ ಧಾಟಿ ಇಣುಕಬಹುದು. ಇನ್ನೊಂದು ದೋಷವೂ ಇದೆ. ಪ್ರಾಸ ನನ್ನ ಹಳೆಯ ಚಾಳಿ. ಪರೀಕ್ಷೆಯಲ್ಲೂ ಅದರದೇ ಹಾವಳಿ. ಅದಕ್ಕಾಗಿ ನಮ್ಮ ಮೇಡಂ ಅಂಕ ಕಡಿಯುತ್ತಿದ್ದರು. ಅದೇ ಪ್ರಾಸ ಮುಂದೆ ಒಬ್ಬರ ಅನ್ನ ಉಳಿಸಿದ್ದರಿಂದ ನಾನು ಅದನ್ನು ಬಿಡಲಿಲ್ಲ.

ನಿಮ್ಮ ಕಾಲದಲ್ಲಿ ಈ ವಿಷಯಕ್ಕೆ ಮರ್ಯಾದೆ ಕಡಿಮೆ ಎಂದು ಕೇಳಿದ್ದೇನೆ. ಲೆಕ್ಕ ಬರುವವರು ಫೈನಾನ್ಸ್ ಹಿಡಿಯುತ್ತಾರಂತೆ, ಮಾತು ಬರುವವರು ಮಾರ್ಕೆಟಿಂಗ್ ಹಿಡಿಯುತ್ತಾರಂತೆ, ಅರ್ಜಿ ತುಂಬುವ ದಿನ ಬಸ್ಸು ತಪ್ಪಿಸಿಕೊಂಡವರು ಎಚ್.ಆರ್. ಹಿಡಿಯುತ್ತಾರಂತೆ. ಇಂದು ನಮ್ಮಲ್ಲಿ ಸಂಗತಿ ಬೇರೆಯಾಗಿದೆ. ಇದೇ ಪದವಿ ಪಡೆದವರನ್ನು ನಾವು ಎದುರುಗಾರರು ಎನ್ನುತ್ತೇವೆ; ಕೆಲಸ ಕೇಳಿ ಬಂದವರ, ಕೆಲಸದಲ್ಲಿ ಇರುವವರ, ಕೆಲಸ ಬಿಡಬೇಕಾದವರ ಎದುರು ಕುರ್ಚಿ ಎಳೆದುಕೊಂಡು ಕೂರುವವರು ಎಂದು ಅರ್ಥ. ಮದುವೆಮನೆಗಳಲ್ಲಿ ತಾಯಂದಿರು ‘ನಮ್ಮ ಹುಡುಗಿ ಎದುರುಗಾರ್ತಿ’ ಎಂದು ಸ್ವಲ್ಪ ಜೋರಾಗಿಯೇ ಹೇಳುತ್ತಾರೆ. ಎದುರುಗಾರ ವರ ಸಿಗದಿದ್ದರೆ ಡಾಕ್ಟರಾದರೂ ನಡೆದೀತು ಎಂಬಲ್ಲಿಗೆ ಊರು ಬಂದಿದೆ. ಇದು ಹೇಗಾಯಿತೆಂದು ನಿಮಗೆ ಹೇಳಬೇಕು. ಆಗುವಾಗ ನಾನು ಅಲ್ಲಿಯೇ ಇದ್ದೆ, ನಿಮ್ಮದೇ ವಯಸ್ಸಿನವನಾಗಿದ್ದೆ, ನಿಮ್ಮದೇ ಅಧ್ಯಾಯಗಳನ್ನು ಓದದೆ ಕೂತಿದ್ದೆ.

ಮೊದಲು ಊರಿನ ಪರಿಚಯ. ನಮ್ಮ ಮನೆಗಳ ಮೇಲೆ ಹೆಂಚಿಲ್ಲ, ಬಿಸಿಲುಹಾಳೆ ಇದೆ. ತೆಳ್ಳಗೆ, ಉದ್ದಕ್ಕೆ, ಚಾಪೆಯ ಹಾಗೆ ಸುತ್ತಬಹುದಾದ ಹಾಳೆ. ಬೆಳಗ್ಗೆ ಮಾಳಿಗೆಯ ಮೇಲೆ ಹಾಸಿದರೆ ಬಿಸಿಲು ಕುಡಿದು ಸಂಜೆಗೆ ಮನೆಯ ದೀಪ, ಒಲೆ, ಬೀಸುಗಲ್ಲು ಎಲ್ಲಕ್ಕೂ ಕಸುವು ಕೊಡುತ್ತದೆ. ಸಂಜೆ ಐದಕ್ಕೆ ಇಡೀ ಹರಿಹರ ಮಾಳಿಗೆ ಹತ್ತಿ ಹಾಳೆ ಸುತ್ತುತ್ತದೆ. ಪಕ್ಕದ ಮನೆಯವರ ಜಗಳ, ಮೇಲಿನ ಬೀದಿಯ ಸಂಬಂಧ, ಕೆಳಗಿನ ಬೀದಿಯ ಅಡುಗೆ, ಎಲ್ಲ ಸುದ್ದಿಯೂ ವಿನಿಮಯವಾಗುವುದು ಆ ಹೊತ್ತಿನಲ್ಲಿ. ವರ್ಷಕ್ಕೊಮ್ಮೆ ಹಾಳೆಗಳನ್ನು ತೊಳೆಯಲು ಹೊಳೆಯಂಚಿನ ಗಿರಣಿಗೆ ಕೊಡುತ್ತೇವೆ. ಅಲ್ಲಿ ಒಂದೊಂದು ಹಾಳೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು, ನೀರಿನಿಂದ ಎತ್ತಿ, ಒಣಗಿಸಿ, ಮಡಿಸಬೇಕು. ಒಬ್ಬರು ಅವಸರ ಮಾಡಿದರೆ ಹಾಳೆ ಸೀಳುತ್ತದೆ. ಸೀಳಿದ ಹಾಳೆಯ ಮನೆ ಕತ್ತಲಲ್ಲಿ ಊಟ ಮಾಡುತ್ತದೆ. ಮಂಡಕ್ಕಿ, ಮಿರ್ಚಿ ಮಾತ್ರ ನಿಮ್ಮ ಕಾಲದಲ್ಲಿ ಇದ್ದ ಹಾಗೆಯೇ ಇವೆ. ಅವುಗಳನ್ನು ಸುಧಾರಿಸಲು ಹೊರಟವರಿಗೆ ಊರು ಅವಕಾಶ ಕೊಡಲಿಲ್ಲ.

ನನ್ನ ಎಳವೆಯಲ್ಲಿ ಆ ಗಿರಣಿಗೆ ಆಳು ಆರಿಸುತ್ತಿದ್ದುದು ಮನುಷ್ಯರಲ್ಲ, ಒಂದು ಯಂತ್ರ. ಅದರ ಸರಕಾರಿ ಹೆಸರು ಉದ್ದವಿತ್ತು. ನೇಮಕ ಮಾಡುತ್ತದೆಂದು ಜನ ನೇಮಣ್ಣ ಎಂದು ಕರೆದರು. ನಾಡಿನ ಎಲ್ಲ ಕೆಲಸಕ್ಕೂ ಅವನೇ. ಬಾಗಿಲ ಬಳಿ ನಿಂತರೆ ನಿಮ್ಮ ಉಸಿರು, ನಡಿಗೆ, ಹಿಂದಿನ ಕೆಲಸ ಎಲ್ಲ ತೂಗಿ ಒಂದು ದೀಪ ಹಚ್ಚುತ್ತಿದ್ದ. ಹಸಿರಾದರೆ ಒಳಗೆ, ಕೆಂಪಾದರೆ ಮನೆಗೆ. ನೇಮಣ್ಣ ಕೆಟ್ಟವನಾಗಿರಲಿಲ್ಲ, ಲಂಚ ತಿನ್ನುತ್ತಿರಲಿಲ್ಲ, ಅಳಿಯನನ್ನು ತುರುಕುತ್ತಿರಲಿಲ್ಲ. ಆದರೆ ಕೆಂಪು ಯಾಕೆ ಎಂದು ಅವನು ಹೇಳುತ್ತಿರಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ. ಗಿರಣಿಯ ಒಳಗೆ ಕಿವಿಗೋಡೆಗಳಿದ್ದವು. ಆಡಿದ ಮಾತನ್ನು ಕೇಳಿ ನೇಮಣ್ಣನಿಗೆ ಮುಟ್ಟಿಸುವ ಗೋಡೆಗಳು ಅವು. ಗೋಡೆಗೆ ಕಿವಿ ಇರುವಲ್ಲಿ ಬಾಯಿಗೆ ಬೀಗ ಬೀಳುತ್ತದೆ. ಆಳುಗಳು ಮಾತು ಮರೆತು ಕೆಲಸ ಮಾಡುತ್ತಿದ್ದರು.

ಇನ್ನು ಒಂದು ಕಾಯ್ದೆ ಗೊತ್ತಿರಬೇಕು. ನೇಮಣ್ಣನನ್ನು ಕೂರಿಸಿದ ಕಾಲದ ಶಾಸಕರು ಹಳೆಯ ಮರ್ಯಾದೆಗೆಂದು ಒಂದು ಸಾಲು ಉಳಿಸಿದ್ದರು. ಕೆಲಸದ ಜಾಗದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಎದುರು ಕೂತು, ಮಾತಾಡಿಸಿ, ‘ನಾಳೆಯಿಂದ ಬನ್ನಿ’ ಎಂದರೆ ನೇಮಣ್ಣ ಅದನ್ನು ನೇಮಕವೆಂದೇ ಬರೆದುಕೊಳ್ಳಬೇಕು. ಹಾಗೆ ಕೊಟ್ಟ ಕೆಲಸ ದೀಪಾವಳಿಯವರೆಗೆ ಪರೀಕ್ಷೆಯ ಮೇಲೆ ಇರುತ್ತದೆ. ಆಮೇಲೆ ಬೇಡವೆನಿಸಿದರೆ ಯಜಮಾನನೂ ಎದುರು ಕೂತು, ಕಾರಣ ಹೇಳಿಯೇ ಬೇಡ ಅನ್ನಬೇಕು. ಯಾರೂ ಯಾರ ಎದುರೂ ಕೂರದ ಕಾಲ ಬಂದದ್ದರಿಂದ ಆ ಸಾಲು ಪುಸ್ತಕದಲ್ಲಿ ನಿದ್ದೆ ಮಾಡುತ್ತಿತ್ತು.

ನಮ್ಮ ಕಾಲೇಜಿನಲ್ಲಿ ಮಾನವ ಸಂಪನ್ಮೂಲ ವಿಭಾಗವೆಂದರೆ ನೀಲಗಂಗಾ ಮೇಡಂ, ಒಂದು ಕಪ್ಪುಹಲಗೆ ಮತ್ತು ನಾವು ಒಂದಿಷ್ಟು ಜನ. ನೇಮಣ್ಣನಿರುವಾಗ ಈ ಓದು ಯಾಕೆ ಎಂದು ಉಳಿದೆಡೆ ಎಲ್ಲ ಮುಚ್ಚಿದ್ದರು. ಕನ್ನಡದಲ್ಲಿ ಇದನ್ನು ಕಲಿಸುವ ಜಾಗ ನಮ್ಮದೊಂದೇ ಉಳಿದಿತ್ತು. ಮೇಡಂ ಪ್ರಾಯೋಗಿಕ ಪರೀಕ್ಷೆಗೆಂದು ಅಣಕು ಸಂದರ್ಶನ ಇಟ್ಟರು. ಜಾಗ, ಗಿರಣಿಯ ಕ್ಯಾಂಟೀನು. ತೊಂದರೆ ಶುರುವಾದದ್ದು ಕುರ್ಚಿಯಿಂದ. ಸಂದರ್ಶನ ಮಾಡುವ ಕುರ್ಚಿಯಲ್ಲಿ ಕೂರಲು ಇಡೀ ತರಗತಿ ತಯಾರು, ಕೆಲಸ ಕೇಳುವ ಕುರ್ಚಿಯಲ್ಲಿ ಕೂರಲು ಒಬ್ಬರೂ ಇಲ್ಲ. ನನ್ನ ಸಹಪಾಠಿ ಮುಬೀನಾ ‘ಆಟದಾಗೂ ನಾನು ಕೆಲ್ಸ ಕೇಳಂಗಿಲ್ಲ ಮೇಡಂ, ನಮ್ಮಪ್ಪ ಕೇಳಿ ಕೇಳಿ ಸಾಕಾಗ್ಯಾನ’ ಎಂದು ಖಂಡಿತವಾಗಿ ಹೇಳಿದಳು. ಕೊನೆಗೆ ಮೇಡಂ ಹೊರಗೆ ಹೋಗಿ, ಗಿರಣಿ ಬಾಗಿಲಲ್ಲಿ ಕೆಂಪು ದೀಪ ಕಂಡು ಚಹಾದಂಗಡಿಯ ಮುಂದೆ ಸುಮ್ಮನೆ ಕೂತಿದ್ದವರನ್ನು ಕರೆತಂದರು. ಮಂಡಕ್ಕಿ ಮಿರ್ಚಿ ಕೊಟ್ಟರೆ ಏನು ಕೇಳಿದರೂ ಉತ್ತರ ಹೇಳುತ್ತೇವೆ ಎಂದು ಅವರೂ ಬಂದರು.

ನನ್ನ ಎದುರು ಬಂದು ಕೂತವರು ಹುಲಿಗೆಮ್ಮ. ಐವತ್ತರ ಹತ್ತಿರದ ಹೆಂಗಸು, ಗಂಡನಿಲ್ಲ, ಮಗಳಿಗೆ ಹೊಲಿಗೆ, ಅಳಿಯನಿಗೆ ಆಕಳಿಕೆ. ವರ್ಷವರ್ಷವೂ ಆ ಬಾಗಿಲಿಗೆ ಬಂದು ಕೆಂಪು ಕಂಡು ಹೋದವರು. ನಾನು ಪುಸ್ತಕದ ಪ್ರಶ್ನೆ ಕೇಳಿದೆ: ನಿಮ್ಮ ಬಲವೇನು, ದೌರ್ಬಲ್ಯವೇನು?

‘ಬಲ ಅಂದ್ರ ಈ ತೋಳು. ದೌರ್ಬಲ್ಯ ಅಂದ್ರ ಈ ಬಾಯಿ. ಎರಡೂ ಒಂದೇ ಸಲ ನಡೀತಾವು, ನಿಲ್ಸಾಕ ಬರಂಗಿಲ್ಲ.’

ಇನ್ನೈದು ವರ್ಷದಲ್ಲಿ ನಿಮ್ಮನ್ನು ಎಲ್ಲಿ ಕಾಣಲು ಬಯಸುತ್ತೀರಿ ಎಂದೆ. ಆ ಪ್ರಶ್ನೆ ನಿಮ್ಮ ಕಾಲದ್ದೇ. ಅದರ ಪಾಪ ನಿಮ್ಮ ತಲೆಯ ಮೇಲಿರಲಿ.

‘ಕನ್ನಡಿಯಾಗ ಕಾಣ್ತೀನಿ. ಮತ್ತೆಲ್ಲಿ ಕಾಣ್ಲಿ ತಮ್ಮಾ?’

ಮೇಡಂ ಪಕ್ಕದಲ್ಲಿ ನಿಂತು, ತೀರ್ಮಾನ ಹೇಳಿ ಮುಗಿಸು ಎಂದು ಸನ್ನೆ ಮಾಡಿದರು. ಈಗ ನಮ್ಮ ಕಡೆಯ ಒಂದು ನಡವಳಿಕೆ ನಿಮಗೆ ನೆನಪಿಸಬೇಕು. ಕರೆದಾಗ ಬಂದು, ಎದುರು ಕೂತು, ನಮ್ಮ ಮಿರ್ಚಿ ತಿಂದವರಿಗೆ ‘ಇಲ್ಲ’ ಎನ್ನುವುದು ನಮ್ಮಲ್ಲಿ ಯಾರಿಂದಲೂ ಆಗುವುದಿಲ್ಲ. ಆಗದಿದ್ದರೆ ‘ನೋಡೋಣ’ ಅನ್ನುತ್ತೇವೆ, ಏನೇನೂ ಆಗದಿದ್ದರೆ ‘ಆಯ್ತು ಬರ್ರಿ’ ಅನ್ನುತ್ತೇವೆ. ‘ನೋಡೋಣ’ ಎಂದರೆ ಅಂಕವಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಹಾಗಾಗಿ ನಾನು ‘ನಾಳೆಯಿಂದ ಬನ್ನಿ’ ಎಂದೆ. ಆ ಮೇಜಿನಲ್ಲಿ ಮುಬೀನಾ ಅದನ್ನೇ ಎಂದಳು, ಉಳಿದ ಮೇಜುಗಳಲ್ಲಿ ಉಳಿದವರೂ ಅದನ್ನೇ ಎಂದರು. ಬಂದವರು ಹತ್ತು ಹನ್ನೆರಡು ಮಂದಿ; ಅಷ್ಟೂ ಜನರಿಗೆ ಅದೇ ಮಾತು ಸಿಕ್ಕಿತು. ಕಿವಿಗೋಡೆಗಳು ಕೇಳಿದವು. ಅಣಕು ಎಂಬುದನ್ನು ಅರಿಯುವಷ್ಟು ಹಾಸ್ಯಪ್ರಜ್ಞೆ ಅವಕ್ಕೆ ಇರಲಿಲ್ಲ.

ಮರುದಿನ ಹುಲಿಗೆಮ್ಮ ಮಿಕ್ಕವರನ್ನು ಕಟ್ಟಿಕೊಂಡು ಗಿರಣಿಗೆ ಹೋದರು. ಬಾಗಿಲು ಹಸಿರಾಗಿ ತೆರೆಯಿತು. ಅವರು ಒಳಗೆ ಹೋಗಿ ನೀರಿಗಿಳಿದರು. ನಮಗೆ ಕರೆ ಬಂತು.

ಗಿರಣಿಯ ಅಧ್ಯಕ್ಷ ರುದ್ರಮುನಿಯವರು ದಪ್ಪ ಮೀಸೆಯ, ಸಣ್ಣ ಸಹನೆಯ ಮನುಷ್ಯ. ‘ಏನ್ರೀ ಮೇಡಂ, ನಿಮ್ಮ ಹುಡುಗ್ರು ಗಿರಣೀನ ತಮ್ಮ ಮಾವನ ಮನಿ ಅಂತ ತಿಳ್ಕಂಡಾರೇನು?’ ಎಂದರು.

‘ಪರೀಕ್ಷೆ ಸರ್. ಪ್ರಾಯೋಗಿಕ.’

‘ಹಂಗಾರ ಎಲ್ಲಾರ್ನೂ ಫೇಲ್ ಮಾಡ್ರಿ!’

‘ನಿನ್ನೇನೇ ಪಾಸ್ ಮಾಡಿಬಿಟ್ಟೀನಲ್ಲ ಸರ್’ ಎಂದರು ಮೇಡಂ, ತಣ್ಣಗೆ.

ಅಧ್ಯಕ್ಷರು ಕಾಯ್ದೆ ತರಿಸಿ ಓದಿಸಿದರು. ಓದುತ್ತ ಓದುತ್ತ ಮೀಸೆ ಇಳಿಯಿತು. ಕೊನೆಗೆ, ದೀಪಾವಳಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮನೆಗೆ ಕಳಿಸುತ್ತೇನೆ, ಕಾರಣ ಅವರೇ ದಿನಾ ಒದಗಿಸುತ್ತಾರೆ ಎಂದು ಹೇಳಿ ನಮ್ಮನ್ನು ಎಬ್ಬಿಸಿದರು. ನಮಗೆ ನಗು ಬಂದಿತ್ತು. ಹೊರಗೆ ಬರುವಾಗ ನೀರಿನಲ್ಲಿ ಮೊಣಕಾಲವರೆಗೆ ನಿಂತು ಹಾಳೆ ಹಿಡಿದಿದ್ದ ಹುಲಿಗೆಮ್ಮ ನಮ್ಮನ್ನು ನೋಡಿ ಕೈ ಬೀಸಿದರು. ಆ ಮುಖ ಕಂಡ ಮೇಲೆ ನಗು ನಿಂತಿತು. ಆಟಕ್ಕೆಂದು ಆಡಿದ ಮಾತಿನ ಮೇಲೆ ಒಬ್ಬ ಹೆಂಗಸು ತನ್ನ ಮುಂದಿನ ಬದುಕನ್ನು ಹಾಸಿಬಿಟ್ಟಿದ್ದರು. ದೀಪಾವಳಿಗೆ ಅದನ್ನು ಸುತ್ತಿ ಕೊಡುವುದು ಹೇಗೆ?

‘ಆಯ್ಕೆ ಅನ್ನಾದು ಮೂರನೇ ಅಧ್ಯಾಯ ಕಣ್ರೋ. ಮುಂದೆ ಇನ್ನೂ ಅದಾವು’ ಎಂದಳು ಮುಬೀನಾ, ಪಠ್ಯಪುಸ್ತಕದ ಅಂಟಿಕೊಂಡಿದ್ದ ಹಾಳೆಗಳನ್ನು ಬಿಡಿಸುತ್ತ. ಪರೀಕ್ಷೆಗೆ ಮೂರರವರೆಗೆ ಓದಿದರೆ ಸಾಕಿತ್ತು, ಆದ್ದರಿಂದ ಮುಂದಿನದನ್ನು ಯಾವ ವರ್ಷದ ವಿದ್ಯಾರ್ಥಿಗಳೂ ತೆರೆದಿರಲಿಲ್ಲ. ತೆರೆದೆವು. ಹೊಸಬರಿಗೆ ಜಾಗದ ಪರಿಚಯ ಮಾಡಿಸಬೇಕು ಎಂದಿತ್ತು, ಮಾಡಿಸಿದೆವು. ಯಾರ ಕೆಲಸ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಹೇಳಬೇಕು ಎಂದಿತ್ತು, ಹೇಳಿದೆವು. ಅಹವಾಲು ಕೇಳಬೇಕು ಎಂದಿತ್ತು. ಗಿರಣಿಯಲ್ಲಿ ಅದುವರೆಗೆ ಅಹವಾಲೇ ಇರಲಿಲ್ಲ, ಏಕೆಂದರೆ ನೇಮಣ್ಣ ಪ್ರತಿ ಅಹವಾಲಿಗೂ ‘ಸ್ವೀಕರಿಸಲಾಗಿದೆ’ ಎಂದು ಒಂದೇ ಉಸಿರಿನಲ್ಲಿ ಉತ್ತರಿಸುತ್ತಿದ್ದ. ಎರಡನೆಯ ಸಲ ಯಾರೂ ಬರುತ್ತಿರಲಿಲ್ಲ. ನಾವು ಕಿವಿಗೋಡೆಗಳಿಂದ ದೂರ, ಹೊಳೆಯಂಚಿನ ಬೇವಿನ ಕೆಳಗೆ ಬೆಂಚು ಹಾಕಿ ಕೂತೆವು. ಮೊದಲು ಯಾರೂ ಬರಲಿಲ್ಲ. ಆಮೇಲೆ ಒಬ್ಬರು ಬಂದು ಗುಮ್ಮನ ಹಾಗೆ ಕೂತು ಎದ್ದುಹೋದರು. ವಾರ ಕಳೆದ ಮೇಲೆ ಹಳೆಯ ಆಳುಗಳೂ ಸಾಲು ನಿಂತರು. ನೀರು ತೀರ ತಣ್ಣಗಿದೆ, ಕೈಗೆ ಹುಣ್ಣಾಗಿದೆ, ಜೋಡಿಯವನು ಬಾಯಿ ಬಿಡುವುದಿಲ್ಲ, ಮಗುವಿಗೆ ಹಾಲೂಡಿಸಲು ಮರೆ ಇಲ್ಲ. ಅರ್ಧದಷ್ಟು ಅಹವಾಲುಗಳಿಗೆ ಒಂದು ಪರದೆ, ಒಂದು ಹಂಡೆ ಬಿಸಿನೀರು ಸಾಕಾಗಿತ್ತು. ನೇಮಣ್ಣ ಸರಿಯಾದವರನ್ನೇ ಆರಿಸುತ್ತಿದ್ದ ಎಂಬುದು ಆಗ ತಿಳಿಯಿತು. ಆರಿಸಿದ ಮೇಲೆ ಮಾಡಬೇಕಾದದ್ದನ್ನು ಯಾರೂ ಮಾಡುತ್ತಿರಲಿಲ್ಲ, ಅಷ್ಟೆ.

ಎಲ್ಲ ಸುಸೂತ್ರ ನಡೆಯಿತು, ಹುಲಿಗೆಮ್ಮನವರದು ಬಿಟ್ಟು. ಅವರ ಕೈಯಲ್ಲಿ ಹಾಳೆ ಸೀಳುತ್ತಿತ್ತು, ಮತ್ತೆ ಮತ್ತೆ ಸೀಳುತ್ತಿತ್ತು. ಇತ್ತ ಮಾತಿಗೆ ತಿರುಗಿದರೆ ಅತ್ತ ತುದಿ ಜಾರುತ್ತಿತ್ತು. ಅಧ್ಯಕ್ಷರು ಮೇಲಿನ ಅಂತಸ್ತಿನ ಕಟಾಂಜನ ಹಿಡಿದು ಬಗ್ಗಿ ನೋಡಿ, ಸಿಹಿ ತಿಂದವರಂತೆ ಮೀಸೆ ಒರೆಸಿಕೊಂಡು ಹೋಗುತ್ತಿದ್ದರು. ಪುಸ್ತಕದಲ್ಲಿ ‘ಕಾರ್ಯಕ್ಷಮತೆಯ ಮೌಲ್ಯಮಾಪನ’ ಎಂಬ ಅಧ್ಯಾಯವಿತ್ತು. ಅದರ ಸಾರ ಇಷ್ಟು: ತಪ್ಪುತ್ತಿರುವವರಿಗೆ ತಪ್ಪುತ್ತಿದೆ ಎಂದು ಎದುರು ಕೂತು ಹೇಳಬೇಕು. ಓದುವಾಗ ಇದಕ್ಕಿಂತ ಸುಲಭದ ಅಧ್ಯಾಯವಿಲ್ಲ. ಮುಬೀನಾ ನನ್ನನ್ನು ನೋಡಿದಳು. ‘ಬರ್ರಿ ಅಂದಾವ ನೀನು. ನೀನ ಹೇಳು’ ಎಂದಳು.

ಬೇವಿನ ಕೆಳಗೆ ಕೂತೆವು. ನಾನು ಹವೆಯ ಬಗ್ಗೆ ಮಾತಾಡಿದೆ, ಮೊಮ್ಮಗಳ ಬಗ್ಗೆ ಕೇಳಿದೆ, ಹೊಳೆಯ ನೀರು ಏರಿದ್ದನ್ನು ವರ್ಣಿಸಿದೆ. ಅವರೇ, ‘ಯಾಕ ತಮ್ಮಾ, ಹೆರಿಗಿ ನೋವು ತಿಂದಂಗ ಮಾಡ್ತಿ? ಏನೈತಿ ಅದನ್ನ ಹಡಿ ಅತ್ಲಾಗ’ ಎಂದರು.

ಹಡೆದೆ. ಅಮ್ಮಾ, ನಿಮಗೆ ಈ ಕೆಲಸ ಬರುತ್ತಿಲ್ಲ, ಹೀಗೇ ಆದರೆ ದೀಪಾವಳಿಗೆ ಕಳಿಸುತ್ತಾರೆ ಎಂದೆ.

ಹುಲಿಗೆಮ್ಮ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, ‘ಇಷ್ಟ್ ವರ್ಷ ಆ ಬಾಗ್ಲಿಗಿ ಬಂದೀನಿ. ದೀಪ ಕೆಂಪಾಗ್ತಿತ್ತು, ಹೋಗ್ತಿದ್ದೆ. ನನ್ನ ಜಾತಿಗಾಗಿ ಇರಬೌದು, ನನ್ನ ಬಣ್ಣಕ್ಕಾಗಿ ಇರಬೌದು, ಗಂಡ ಸತ್ತದ್ದಕ್ಕಿರಬೌದು ಅಂತ ಹಾಸ್ಗಿ ಮ್ಯಾಗ ಬಿದ್ಕಂಡು ಏನೇನೋ ಅನ್ಕಂತಿದ್ದೆ. ಬರೇ ಹಾಳಿ ಮಡ್ಚಾಕ ಬರಂಗಿಲ್ಲ ಅಂತನಾ? ಅಷ್ಟೇನಾ? ಅಷ್ಟಾದ್ರ ಕಲೀತೀನೇಳು!’ ಎಂದು ನಕ್ಕೇಬಿಟ್ಟರು.

ಕಲಿಸಿದವರಿಲ್ಲದೆ ಅವರಿಗೆ ಬಂದಿರಲಿಲ್ಲ. ಹೊಸಬರಿಗೆ ನೇಮಣ್ಣ ಗೋಡೆಯಿಂದ ಹೇಳುತ್ತಿದ್ದ ಪಾಠ ಎಷ್ಟು ಶುದ್ಧ ಕನ್ನಡದಲ್ಲಿತ್ತೆಂದರೆ ‘ಲಂಬಕೋನದಲ್ಲಿ ಅಂಚನ್ನು ಉನ್ನತಗೊಳಿಸಿ’ ಎಂದು ಹೇಳುವಷ್ಟರಲ್ಲಿ ಹಾಳೆ ಹೊಳೆ ಸೇರಿರುತ್ತಿತ್ತು. ಬಾಯಿ ನಿಲ್ಲಿಸಲು ಬರುವುದಿಲ್ಲವಲ್ಲ, ಬಾಯಿಗೂ ಕೆಲಸ ಕೊಡೋಣ ಎಂದು ನಾನು ಒಂದು ಪದ ಕಟ್ಟಿದೆ:

ತುದಿಯ ಹಿಡಿ, ಎದುರು ನಡಿ,
ನೀರು ಸುರಿದ ಮೇಲೆ ಮಡಿ;
ಅವಸರಾನ ಅತ್ಲಾಗ್ ಹೊಡಿ,
ಮನೆಗೆ ಹೋಗಲಿ ಇಡಿಗ್ ಇಡಿ!

ಇದು ಕಾವ್ಯವಲ್ಲ ಎಂದು ನನಗೂ ಗೊತ್ತು. ಆದರೆ ಇದನ್ನು ಹೇಳುತ್ತ ಹಾಳೆ ಎತ್ತಿದರೆ ಎರಡು ತುದಿಯ ಹೆಜ್ಜೆ ಒಂದೇ ತಾಳಕ್ಕೆ ಬೀಳುತ್ತಿತ್ತು. ಮೊದಲು ಹುಲಿಗೆಮ್ಮ ಹೇಳಿದರು. ಅವರ ಜೋಡಿಯ ಮೂಕ ಮುನಿಯಂಥ ಆಳು ಗೊಣಗಿದ. ಕಾರ್ತಿಕ ಹತ್ತಿರ ಬರುವಷ್ಟರಲ್ಲಿ ಇಡೀ ಗಿರಣಿ ಹಾಡುತ್ತಿತ್ತು. ಹಳೆಯ ಆಳುಗಳು ನನ್ನ ನಾಲ್ಕು ಸಾಲಿಗೆ ತಮ್ಮವೂ ನಾಲ್ಕು ಸೇರಿಸಿದರು. ಅವು ಅಧ್ಯಕ್ಷರ ಮೀಸೆಯ ಕುರಿತಾದುದರಿಂದ ಇಲ್ಲಿ ಬರೆಯುವುದಿಲ್ಲ. ಪ್ರಾಸಕ್ಕೆ ಅಂಕ ಕಡಿದಿದ್ದ ನೀಲಗಂಗಾ ಮೇಡಂ ಹೊಳೆದಂಡೆಗೆ ಬಂದು ಕೇಳಿ, ‘ಎರಡನೇ ಸಾಲು ಸೊಲ್ಪ ಸಡಿಲ ಆತು’ ಎಂದಷ್ಟೇ ಹೇಳಿದರು. ಅದನ್ನು ನಾನು ಬಿರುದೆಂದು ಸ್ವೀಕರಿಸಿದೆ.

ದೀಪಾವಳಿಯ ಹಿಂದಿನ ದಿನ ರುದ್ರಮುನಿಯವರು ಕ್ಯಾಂಟೀನಿಗೆ ಇಳಿದು ಬಂದರು. ಇಡೀ ಗಿರಣಿ ಸುತ್ತ ನಿಂತಿತ್ತು. ಮೊದಲು ಹುಲಿಗೆಮ್ಮನನ್ನೇ ಕರೆಸಿದರು, ಸೀಳಿದ ಹಾಳೆಗಳ ನೆನಪು ಅವರಿಗೆ ಹಸಿಯಾಗಿತ್ತು. ಕಾಯ್ದೆಯಂತೆ ಎದುರು ಕೂತರು. ಎದುರು ಕೂತು ಮಾತಾಡಿ ಅವರಿಗೆ ರೂಢಿಯಿರಲಿಲ್ಲ; ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿದ್ದ ಮಿರ್ಚಿ ಎತ್ತಿಕೊಂಡರು.

‘ಹೇಳ್ರಿ ಸಾವ್ಕಾರ್ರ. ಬ್ಯಾಡಂದ್ರ ಬ್ಯಾಡನ್ರಿ. ನಾ ಅಳಂಗಿಲ್ಲ. ಆದ್ರ ಯಾಕ ಅಂತ ಹೇಳ್ರಿ’ ಎಂದರು ಹುಲಿಗೆಮ್ಮ.

‘ನೀನು… ಮಾತು ಜಾಸ್ತಿ.’

‘ಹೌದು. ಅದ್ರಿಂದ ಏನು ಕೆಟ್ಟೈತಿ?’

ಅಧ್ಯಕ್ಷರು ಗೋಡೆಯ ಕಡೆ ತಿರುಗಿ, ನೇಮಣ್ಣಾ, ಏನು ಕೆಟ್ಟಿದೆ ಹೇಳು ಎಂದರು. ನೇಮಣ್ಣನನ್ನು ಕಾರಣ ಕೇಳಿದವರು ಅವರೇ ಮೊದಲಿಗರು. ಅವನು ಪ್ರಾಮಾಣಿಕ ಪ್ರಾಣಿ. ಗಿರಣಿ ಕಟ್ಟಿದಾಗಿನಿಂದ ಯಾವ ವರ್ಷವೂ ಈ ಮಳೆಗಾಲದಷ್ಟು ಕಡಿಮೆ ಹಾಳೆ ಸೀಳಿಲ್ಲ, ಕೆಲಸ ಬಿಟ್ಟು ಹೋದವರು ಯಾರೂ ಇಲ್ಲ, ಬೇಡವೆನ್ನಲು ತನ್ನ ಬಳಿ ಕಾರಣವಿಲ್ಲ ಎಂದು ತುಂಬಿದ ಸಭೆಯಲ್ಲಿ ಸ್ವಚ್ಛವಾಗಿ ಉಚ್ಚರಿಸಿದ.

ರುದ್ರಮುನಿಯವರು ಎಷ್ಟೋ ಜನರಿಗೆ ಕೆಂಪು ದೀಪ ತೋರಿಸಿದ ಗಿರಣಿಯ ಯಜಮಾನರು. ಒಂದು ಮುಖದ ಎದುರು ಕೂತು, ಕಾರಣವಿಲ್ಲದೆ ‘ಬೇಡ’ ಎನ್ನುವುದು ಅವರಿಂದಲೂ ಆಗಲಿಲ್ಲ. ಮಿರ್ಚಿ ತಣ್ಣಗಾಯಿತು. ಕೊನೆಗೆ, ‘ಹಬ್ಬ ಮುಗಿಸ್ಕಂಡು ಬಾರವ್ವಾ’ ಎಂದರು. ಕಿವಿಗೋಡೆ ಕೇಳಿತು. ಉಳಿದ ಯಾರನ್ನೂ ಕೂರಿಸುವ ಗೋಜಿಗೆ ಹೋಗದೆ ‘ಎಲ್ಲಾರೂ ಬರ್ರಿ, ಎಲ್ಲಾರೂ’ ಎಂದು ಕೈಬೀಸಿ ಎದ್ದರು. ಆಗ ಎದ್ದ ಕೂಗಿಗೆ ಕ್ಯಾಂಟೀನಿನ ಪಾರಿವಾಳಗಳು ಹೊಳೆಯಾಚೆ ಹೋಗಿ ಕೂತವು. ಮುಬೀನಾ ಪುಸ್ತಕವನ್ನೇ ಮೇಲಕ್ಕೆ ಎಸೆದಳು. ಅದು ಮೇಡಂ ತಲೆಯ ಮೇಲೆ ಬಿತ್ತು. ವಿಜಯೋತ್ಸವದಲ್ಲಿ ಆದ ಗಾಯ ಅದೊಂದೇ.

ಸುದ್ದಿ ಹಬ್ಬಿತು. ಬೇರೆ ಊರುಗಳ ಬಾಗಿಲುಗಳಲ್ಲಿ ಕೆಂಪು ಕಂಡವರು ‘ಯಾಕೆ? ಎದುರು ಕೂತು ಹೇಳಿ’ ಎಂದು ನೆಲದ ಮೇಲೆ ಕೂರತೊಡಗಿದರು. ಹೇಳಲು ಕಲಿತವರು ನಾಡಿನಲ್ಲಿ ನಮ್ಮ ತರಗತಿ ಬಿಟ್ಟರೆ ಇರಲಿಲ್ಲ. ಮುಚ್ಚಿದ್ದ ವಿಭಾಗಗಳ ಬೀಗಗಳನ್ನು ಎಣ್ಣೆ ಹಾಕಿ ತೆಗೆದರು. ಕಾರಣ ಹೇಳದೆ ಯಾರನ್ನೂ ಬಾಗಿಲಿಂದ ಕಳಿಸಬಾರದು ಎಂದು ಈಗ ಕಾಯ್ದೆಯೇ ಇದೆ. ನೇಮಣ್ಣ ಇನ್ನೂ ಇದ್ದಾನೆ, ತೂಗುತ್ತಾನೆ. ಮಾತಾಡುವವರು ನಾವು. ಹುಲಿಗೆಮ್ಮ ಹದಿನೈದು ವರ್ಷ ದುಡಿದು, ಹೊಸಬರಿಗೆ ಕಲಿಸಿ, ನಿವೃತ್ತಿಯ ದಿನ ಎರಡು ತಾಸು ಭಾಷಣ ಮಾಡಿದರು. ಊಟ ತಣ್ಣಗಾಯಿತೆಂದು ಯಾರೂ ಅಹವಾಲು ಕೊಡಲಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಮೂರನೆಯ ಅಧ್ಯಾಯಕ್ಕೆ ಪುಸ್ತಕ ಮುಚ್ಚಬೇಡಿ. ಆರಿಸುವುದನ್ನು ಯಾರಾದರೂ ಮಾಡಿಯಾರು, ಯಾವುದಾದರೂ ಮಾಡೀತು. ಆರಿಸಿದ ಮೇಲೆ ಜೊತೆಗಿರುವುದು, ಆರಿಸದಿದ್ದಾಗ ಮುಖ ತೋರಿಸುವುದು ನಿಮ್ಮ ಪಾಲಿನ ಓದು. ನಾಳೆ ನೀವು ಮೇಜಿನ ಈಚೆ ಕೂತಾಗ ನಿಮ್ಮ ಕೈಗೂ ಸುಲಭದ ಕೆಂಪು ದೀಪವೊಂದನ್ನು ಯಾರೋ ಕೊಡುತ್ತಾರೆ. ಒತ್ತುವ ಮೊದಲು ಎದ್ದು ಹೊರಗೆ ಹೋಗಿ ಆ ಮನುಷ್ಯನನ್ನು ಒಳಗೆ ಕರೆಯಿರಿ.

ಇಲ್ಲಿಗೆ ನಿಲ್ಲಿಸಬೇಕು. ಹೊರಗೆ ಒಬ್ಬ ಯುವಕ ಕಾಯುತ್ತಿದ್ದಾನೆ. ಅವನು ಕೇಳಿದ ಕೆಲಸ ಅವನಿಗೆ ಸಿಗುವುದಿಲ್ಲ, ಯಾಕೆಂದು ನನಗೆ ಗೊತ್ತಿದೆ, ಹೇಳುವ ಮೊದಲು ಈಗಲೂ ಹವೆಯ ಬಗ್ಗೆ ಮಾತು ತೆಗೆಯಬೇಕೆನಿಸುತ್ತದೆ. ಅವನು ವಾದ ಮಾಡುತ್ತಾನೆ, ಬಹುಶಃ ಬೈಯುತ್ತಾನೆ. ಬೈಯಲಿ. ಬೈಯಲು ಅವನೆದುರು ಒಂದು ಮುಖವಿರುವಂತೆ ಮಾಡಿದವರು ನಾವು. ಕುರ್ಚಿ ಎಳೆದಿದ್ದೇನೆ. ಹೋಗಿ ಬರುತ್ತೇನೆ.

ನಿಮ್ಮ,
ವಾಗೀಶ
ಎದುರುಗಾರ, ಬಿಸಿಲುಹಾಳೆ ಗಿರಣಿ, ಹರಿಹರ